ಹಸಿರು ಪಟ್ಟಿಯ ಪೈಪು

ಆ ಕಬ್ಬಿಣದ ಪೈಪಿನ ನಡುವಿಗೆ ಅಂಗೈ ಅಗಲದ ಹಸಿರು ಪಟ್ಟಿಯಿತ್ತು. ಯಾರೋ ಕಿಟಕಿಗೆ ಬಳಿದು ಉಳಿದ ಬಣ್ಣವನ್ನು ಅದಕ್ಕೆ ಹಚ್ಚಿದ್ದಿರಬೇಕು. ಬೀದಿಯ ಕಂಬದಿಂದ ಬಂದ ವಯರನ್ನು ಬಾಯಲ್ಲಿಟ್ಟುಕೊಂಡು, ಕತ್ತು ಬಗ್ಗಿಸಿ, ದೊಡ್ಡಪ್ಪನ ಮನೆಯ ತಾರಸಿಯ ಮೇಲೆ ಅದು ನಿಂತದ್ದನ್ನು ಮೊದಲ ಸಲ ಕಂಡಾಗ ನನಗೆ ಸಮಾಧಾನವೇ ಆಗಿತ್ತು. ಇವತ್ತು ಹಸಿರು ಬಳಿದ ಕಬ್ಬಿಣ ಎಲ್ಲಿ ಕಂಡರೂ ರಸ್ತೆಯ ಆಚೆ ಬದಿಗೆ ದಾಟುತ್ತೇನೆ.

ಆಗ ನಾನು ಆ ಊರಿನ ಶಾಲೆಯಲ್ಲಿ ಪಾಠ ಹೇಳಿಕೊಂಡು ದೊಡ್ಡಪ್ಪನ ಮನೆಯಲ್ಲಿದ್ದೆ. ಅವರು ಮನೆಯ ಮುಂಭಾಗವನ್ನು ಒಡೆಸಿ ಹೊಸದಾಗಿ ಕಟ್ಟಿಸಿ ಅಚ್ಚಬಿಳಿ ಬಣ್ಣ ಹೊಡೆಸಿದ್ದರು. ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಅವರ ತಂಗಿ, ಅಂದರೆ ನನ್ನ ತುಂಗತ್ತೆ, ಇದ್ದಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತವಳು ಬೀದಿಯ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಅಣ್ಣನ ಹಂಗಿನಲ್ಲಿದ್ದಾಳೆ ಅನ್ನಿಸಿಕೊಳ್ಳಬಾರದೆಂಬ ಹಟ ಅವಳದು. ಅವಳು ಬಟ್ಟೆ ಒಣಹಾಕುವ ಹಗ್ಗ ಇದ್ದದ್ದು ಆ ವಯರಿನ ಕೆಳಗೇ.

ವಯರಿಂಗ್ ಗುತ್ತಿಗೆ ಹಿಡಿದಿದ್ದ ಗಜಾನನ, ತಾರಸಿಯ ಮೇಲೆ ವಯರು ಹೊರುವ ಪೈಪು ಯಾವುದಿರಲಿ ಎಂದು ಕೇಳಿದ.

"ಪ್ಲಾಸ್ಟಿಕ್ಕೇ ಹಾಕು," ಅಂದರು ದೊಡ್ಡಪ್ಪ. "ಬಿಳೀದು, ಗೋಡೆಗೆ ಹೊಂದುತ್ತೆ. ಕಬ್ಬಿಣವಾದ್ರೆ ತುಕ್ಕು ಹಿಡಿದು ಗೋಡೆ ಮೇಲೆಲ್ಲ ಕೆಂಪು ನೀರು ಇಳಿಯುತ್ತೆ. ಸಾಲದ್ದಕ್ಕೆ ಕಬ್ಬಿಣದಲ್ಲಿ ಕರೆಂಟು ಹರಿಯುತ್ತೆ, ಪ್ಲಾಸ್ಟಿಕ್ಕಲ್ಲಿ ಹರಿಯಲ್ಲ. ಯಾವುದು ವಾಸಿ, ನೀನೇ ಹೇಳು."

"ಅದಕ್ಕೇ ಅಲ್ವಾ ಸಾರ್ ಕಬ್ಬಿಣಕ್ಕೆ ಅರ್ಥಿಂಗ್ ಕೊಡೋದು? ಪೈಪಿಂದ ಒಂದು ತಂತಿ ನೆಲಕ್ಕೆ ಇಳಿಸಿಬಿಟ್ರೆ, ತಪ್ಪಿ ಕರೆಂಟು ಬಂದ್ರೂ ಮಣ್ಣಿಗೆ ಹೋಗುತ್ತೆ. ಪ್ಲಾಸ್ಟಿಕ್ಕು ಬಿಸಿಲಿಗೆ ಬಾಗುತ್ತೆ ಸಾರ್, ವಯರಿನ ಭಾರ ತಡೆಯಲ್ಲ. ಮೇಲೆ ಕಬ್ಬಿಣ ಕಾಣದೆ ಕರೆಂಟ್ ಆಫೀಸಿನ ಸಾಹೇಬ್ರು ಕನೆಕ್ಷನ್ನೂ ಕೊಡಲ್ಲ."

ದೊಡ್ಡಪ್ಪ ಮುಖ ಗಂಟಿಕ್ಕಿದರು. ಗಜಾನನ ಅವರನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದ. ಗಂಟು ಸಡಿಲವಾಯಿತು.

ಮಾರನೆಯ ದಿನ ಹಸಿರು ಪಟ್ಟಿಯ ಕಬ್ಬಿಣದ ಪೈಪು ಬಂತು. ತುಂಗತ್ತೆ ಅದನ್ನು ತಟ್ಟಿ ನೋಡಿ, "ಗಟ್ಟಿಯಾಗಿದೆ ಕಣೇ, ಇನ್ನು ಧೈರ್ಯವಾಗಿ ಬಟ್ಟೆ ಹಾಕಬಹುದು," ಅಂದಳು. ವಿದ್ಯುತ್ ಕಚೇರಿಯ ಸಾಹೇಬರು ಬಂದರು, ಅಂಗಳದಲ್ಲೇ ನಿಂತು ಕತ್ತೆತ್ತಿ ನೋಡಿದರು, ನಕ್ಕರು, ಕಾಫಿ ಕುಡಿದು ಕನೆಕ್ಷನ್ ಕೊಡಿಸಿ ಹೋದರು. ನಗುಮುಖದ ಮನುಷ್ಯ ಅಂದುಕೊಂಡೆ.

ಎರಡು ದಿನ ಬಿಟ್ಟು ಶಾಲೆಯಿಂದ ಬಂದಾಗ ಕಬ್ಬಿಣ ಇರಲಿಲ್ಲ. ಅದರ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ ಪೈಪು ನಿಂತಿತ್ತು.

"ಅದು ತೋರಿಸೋಕೆ ತಂದಿದ್ದು ಕಣೇ," ಅಂದರು ದೊಡ್ಡಪ್ಪ, ದೊಡ್ಡ ಜಾಣತನ ಮಾಡಿದವರ ಹಾಗೆ. ಹೆಣ್ಣು ನೋಡಲು ಬರುವ ದಿನ ಪಕ್ಕದ ಮನೆಯ ಸರ ತಂದು ಹಾಕುತ್ತಾರಲ್ಲ, ಹಾಗೆ. ಅದೇ ವಾರ ಆ ಹಸಿರು ಪಟ್ಟಿ ಎದುರು ಸಾಲಿನ ಡಾಕ್ಟರ ತಾರಸಿಯ ಮೇಲಿತ್ತು. ಆಮೇಲೆ ಮೂಲೆಮನೆಯ ಮೇಲೆ. ವಿಚಾರಿಸಿದರೆ, ಬೀದಿಯ ಮನೆಮನೆಗೂ ಗಜಾನನನ ಅದೊಂದೇ ಪೈಪು ಬಂದು ಹೋಗಿತ್ತು. ಸಾಹೇಬರು ಅದನ್ನು ಪ್ರತಿ ಮನೆಯ ಮೇಲೂ ಕಂಡು, ಪ್ರತಿ ಮನೆಯಲ್ಲೂ ಕಾಫಿ ಕುಡಿದಿದ್ದರು. ಅವರು ನಕ್ಕದ್ದು ಆ ಪೈಪಿನ ಹಳೆಯ ಪರಿಚಯಕ್ಕೆ. ನನಗೆ ಆ ಮನೆಯ ಕಾಫಿಯೇ ಬೇಡವೆನ್ನಿಸಿತು.

"ಅಣ್ಣ, ನನ್ನ ಹಗ್ಗ ಅದರ ಕೆಳಗೇ ಇದೆಯಲ್ಲೋ," ಅಂದಳು ಅತ್ತೆ.

"ನಿನಗೆ ಹಗ್ಗ ಕಟ್ಟೋಕೆ ಬೇರೆ ಜಾಗ ಇಲ್ವೇನೇ?"

ಇರಲಿಲ್ಲ. ತಾರಸಿ ಇದ್ದದ್ದೇ ಅಷ್ಟು.

ಬೇಸಗೆ ಬಂತು. ಬಿಳಿ ಪೈಪು ದಿನದಿನಕ್ಕೆ ಬಾಗಿತು, ಬಾಯಿ ಸೀಳಿತು. ಸೀಳಿನ ಅಂಚಿಗೆ ವಯರು ಉಜ್ಜಿ ಉಜ್ಜಿ ಮೇಲಿನ ಸಿಪ್ಪೆ ಸವೆಯಿತು. ಅತ್ತೆ ಹೇಳಿದಳು, ನಾನೂ ಹೇಳಿದೆ. ಮುಂದಿನ ಸಲ ಬಣ್ಣ ಹೊಡೆಸುವಾಗ ನೋಡೋಣ ಅಂದರು ದೊಡ್ಡಪ್ಪ. ಒಂದು ಬೆಳಿಗ್ಗೆ ಅವಳು ಹಗ್ಗದ ಮೇಲೆ ಹಾಕಿದ ಒದ್ದೆ ಸೀರೆಯನ್ನು ಗಾಳಿ ಎತ್ತಿ ಅದೇ ಜಾಗಕ್ಕೆ ಸುತ್ತಿತು. ಅತ್ತೆ ಅದನ್ನು ಬಿಡಿಸಲು ಕೈ ಹಾಕಿದಳು. ಕಿರುಚಿದ್ದು ಕೇಳಿ ನಾನು ಓಡಿಹೋದಾಗ ಅವಳು ಕೋಣೆಯ ಬಾಗಿಲಿಗೆ ಎಸೆಯಲ್ಪಟ್ಟು ಬಿದ್ದಿದ್ದಳು. ಜೀವ ಉಳಿಯಿತು. ಬಲಗೈಯ ಹೆಬ್ಬೆರಳು, ತೋರುಬೆರಳು ಉಳಿಯಲಿಲ್ಲ. ಕತ್ತರಿ ಹಿಡಿಯುವ ಬೆರಳುಗಳು.

ಅವಳು ಆಸ್ಪತ್ರೆಯಿಂದ ಬರುವ ಮುನ್ನಾದಿನ ಕಬ್ಬಿಣದ ಪೈಪು ವಾಪಸು ಬಂತು. ವಿಚಾರಣೆಗೆ ಸಾಹೇಬರು ಬರುವವರಿದ್ದರು. ಗಜಾನನ ಸವೆದ ವಯರಿಗೆ ಟೇಪು ಸುತ್ತಿದ; ಪೈಪು ನಿಲ್ಲಿಸಲು ಅಕ್ಕಪಕ್ಕದ ಗಂಡಸರೆಲ್ಲ ಕರೆಯದೆಯೇ ಬಂದು ಕೈಜೋಡಿಸಿದರು. ಒಂದು ತಾರಸಿಯ ನಿಜ ಹೊರಬಿದ್ದರೆ ಉಳಿದ ತಾರಸಿಗಳ ಗತಿಯೇನು! ತಂಗಿಯನ್ನು ನೋಡಲು ಆಸ್ಪತ್ರೆಗೆ ಬರಲು ಬಿಡುವಿರದ ದೊಡ್ಡಪ್ಪ, ಗೋಡೆಯ ಮೇಲಿನ ಸುಟ್ಟ ಕಲೆಗೆ ತಾವೇ ಕುಳಿತು ಸುಣ್ಣ ಬಳಿದರು. ಅಷ್ಟು ಅಸಹ್ಯವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸಾಹೇಬರು ಈ ಸಲ ತಾರಸಿಗೇ ಹತ್ತಿದರು; ಅವರ ಹಿಂದೆ ದೊಡ್ಡಪ್ಪ, ಗಜಾನನ, ಅಕ್ಕಪಕ್ಕದ ಗಂಡಸರು. "ಪೈಪು ಗಟ್ಟಿಯಾಗಿದೆಯಲ್ರೀ. ಅಮ್ಮಾವ್ರೇ ಎಲ್ಲೋ ಎಚ್ಚರ ತಪ್ಪಿರಬೇಕು."

"ಅವಳು ಮೊದಲಿಂದಲೂ ಹಾಗೇ ಸಾರ್," ಅಂದರು ದೊಡ್ಡಪ್ಪ. "ಎಲ್ಲದಕ್ಕೂ ಅವಸರ."

"ಸಾರ್, ಈ ಪೈಪು ಬಂದದ್ದು ನಿನ್ನೆ," ಅಂದೆ ನಾನು.

ಅವರು ನನ್ನತ್ತ ತಿರುಗಿ ನಕ್ಕರು. "ಇಲ್ಲ ಮೇಡಂ. ಕನೆಕ್ಷನ್ ಕೊಟ್ಟ ದಿನವೂ ಇದೇ ಪೈಪಿತ್ತು. ನಾನೇ ಕಣ್ಣಾರೆ ನೋಡಿದೀನಿ." ಮನುಷ್ಯ ಒಂದಕ್ಷರವೂ ಸುಳ್ಳಾಡಿರಲಿಲ್ಲ.

ಆಗ ಕೋಣೆಯಿಂದ ತುಂಗತ್ತೆ ಹೊರಗೆ ಬಂದಳು. ಬಲಗೈಗೆ ಬ್ಯಾಂಡೇಜು, ಎಡತೋಳಿನ ಮೇಲೆ ಹಿಂಡದ ಸೀರೆ. ನೀರು ಸುರಿಸುತ್ತ ನೇರವಾಗಿ ಹೋಗಿ ಸೀರೆಯ ತುದಿಯನ್ನು ಪೈಪಿನ ಹಸಿರು ಪಟ್ಟಿಗೆ ಸುತ್ತಿದಳು. ಅದು ಜಾರಿತು. ಮತ್ತೆ ಸುತ್ತಿದಳು.

"ಗಟ್ಟಿಯಾಗಿದೆ ಅಂದ್ರಲ್ಲ ಸಾರ್. ಸ್ವಲ್ಪ ಹಿಡ್ಕೊಳ್ಳಿ, ಒಂದು ಕೈಲಿ ಗಂಟು ಬೀಳ್ತಿಲ್ಲ."

ಸಾಹೇಬರು ಹಿಂದಕ್ಕೆ ಸರಿದರು. ಗಜಾನನ ಆಗಲೇ ಮೆಟ್ಟಿಲ ಹತ್ತಿರ ಹೋಗಿದ್ದ.

"ತುಂಗಾ, ಬಿಡೇ!" ದೊಡ್ಡಪ್ಪ ಕಿರುಚಿದರು. "ಮುಟ್ಟಬೇಡ, ಅದಕ್ಕೆ ಅರ್ಥಿಂಗ್ ಕೊಟ್ಟಿಲ್ಲ!"

ಯಾರೂ ಅವರನ್ನು ಏನೂ ಕೇಳಿರಲಿಲ್ಲ. ಸಾಹೇಬರು ತಮ್ಮ ಬೂಟು ನೋಡಿಕೊಂಡರು, ಗಡಿಯಾರ ನೋಡಿಕೊಂಡರು, ಇನ್ನೊಂದು ಕಡೆ ಹೋಗಬೇಕಿದೆ ಎಂದು ಇಳಿದರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಇಳಿದರು. ದೊಡ್ಡಪ್ಪನೂ ಇಳಿದರು. ನಾನು ಹೋಗಿ ಪೈಪಿಗೆ ಸೀರೆಯನ್ನು ಒತ್ತಿ ಹಿಡಿದೆ. ಅತ್ತೆ ಹಲ್ಲಿನಲ್ಲಿ ಒಂದು ತುದಿ ಕಚ್ಚಿ ಗಂಟು ಬಿಗಿದಳು.

ಪೈಪನ್ನು ಬಿಚ್ಚಿಕೊಂಡು ಹೋಗಲು ಗಜಾನನ ಸಂಜೆ ಬಂದ. ಬೇರೊಂದು ಮನೆಯಲ್ಲಿ ಅದಕ್ಕೆ ಕಾಯುತ್ತಿದ್ದರಂತೆ. ಮೆಟ್ಟಿಲ ಮೇಲೆ ನಿಂತು ಸೀರೆಯಿಂದ ತೊಟ್ಟಿಕ್ಕುವ ನೀರನ್ನು ನೋಡಿದ. "ಒಣಗಿದ ಮೇಲೆ ಬರ್ತೀನಿ ಅಮ್ಮ," ಅಂದು ಹೊರಟುಹೋದ.

ಅತ್ತೆ ಎಡಗೈಯಲ್ಲಿ ಕೊಡ ತಂದು, ಸೀರೆಯ ಮೇಲೆ ಮತ್ತೆ ನೀರು ಸುರಿದಳು.