ಸುತ್ತಿಗೆಯ ಮೂರು ಏಟು

ದ್ರಾಕ್ಷಿ ಕೊಯ್ಲು ಮುಗಿಯುತ್ತ ಬಂದಿತ್ತು. ಪಕ್ಕದ ಅಂಗಳದಲ್ಲಿ ಗಸ್ಪಾರ್ ಪೀಪಾಯಿಗಳಿಗೆ ಪಟ್ಟಿ ಬಿಗಿಯುತ್ತಿದ್ದ. ಸುತ್ತಿಗೆ ಮೂರು ಸಲ ಬಿದ್ದರೆ ಸಾಕು, ಒದೀಲಳ ಅಣ್ಣ ಅನ್ಸೆಲ್ಮ್ ಕುರ್ಚಿಯಿಂದ ಏಳುತ್ತಿದ್ದ. ಪ್ಯಾರಿಸ್ಸಿನ ರಂಗಮಂದಿರಗಳಲ್ಲಿ ಪರದೆ ಏಳುವ ಮುಂಚೆ ಕೋಲಿನಿಂದ ಮೂರು ಬಾರಿ ನೆಲ ಕುಟ್ಟುತ್ತಾರೆ. ಅಲ್ಲಿ ನಟಿಸಿದ ನಾಟಕಗಳೆಲ್ಲ ಮರೆತುಹೋಗಿದ್ದರೂ ಅವನಿಗೆ ಆ ಸದ್ದು ಮಾತ್ರ ಮರೆತಿರಲಿಲ್ಲ.

“ಸ್ವಲ್ಪ ಮೆಲ್ಲಗೆ ಬಡಿಯಪ್ಪಾ,” ಎಂದು ಒದೀಲ್ ಬೇಲಿಯ ಈಚೆಯಿಂದ ಕೇಳಿಕೊಂಡಳು.

“ಮೆಲ್ಲಗೆ ಬಡಿದ್ರೆ ವೈನ್ ಸೋರುತ್ತೆ ಅಕ್ಕಾ. ಇವತ್ತು ನಾಟಕಕ್ಕೆ ರಜಾ ಅಂತ ನಿಮ್ಮಣ್ಣಂಗೆ ಹೇಳಿ.”

ಮತ್ತೆ ಮೂರು ಏಟು ಬಿತ್ತು. ಅನ್ಸೆಲ್ಮ್ ಕಾಲರ್ ಸರಿಮಾಡಿಕೊಂಡು ಅಂಗಳದ ನಡುವೆ ಹೋಗಿ ನಿಂತ. ಬಾಯಿ ತೆರೆದ, ಮಾತು ಬರಲಿಲ್ಲ.

“ನನ್ನ ಮೊದಲನೇ ಮಾತು ಯಾವುದೇ, ಒದೀಲ್?”

ಅವನು ಕರೆದಾಗಲೆಲ್ಲ ಹಸು, ತೋಟ ಎಂದು ನೆಪ ಹೇಳಿ ಅವಳು ಒಂದು ನಾಟಕಕ್ಕೂ ಹೋಗಿರಲಿಲ್ಲ. ಈಗ ಹೇಳಿಕೊಡಲು ಅವಳ ಬಳಿ ಒಂದು ಸಾಲೂ ಇರಲಿಲ್ಲ.