ಎಡಗೈ ವಂದನೆ

ನನ್ನ ಬಲಗೈಯಲ್ಲಿ ತೋರುಬೆರಳೂ ನಡುಬೆರಳೂ ಇರಲಿಲ್ಲ. ಏಳು ವರ್ಷದವಳಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಜೋಳದ ದಂಟು ಕೊಡಲು ಹೋಗಿ ಅವೆರಡನ್ನೂ ಕೊಟ್ಟು ಬಂದಿದ್ದೆ. ಅದರ ಬಗ್ಗೆ ಹೇಳಲು ಇಷ್ಟೇ ಇರುವುದು. ನೋವು ನೆನಪಿಲ್ಲ. ನೆನಪಿರುವುದು ಆಮೇಲಿನದು. ಬರೆಯುವುದು, ತಲೆ ಬಾಚುವುದು, ಉಣ್ಣುವುದು ಎಲ್ಲವೂ ಎಡಗೈಯ ಪಾಲಿಗೆ ಬಂತು. ಎಡಗೈ ಬೇಗ ಕಲಿಯಿತು. ನೋಡುವವರು ಕಲಿಯಲಿಲ್ಲ.

ಹಾಸ್ಟೆಲಿನ ಊಟದ ಮನೆಯಲ್ಲಿ ನಲವತ್ತು ಹುಡುಗಿಯರು ಎರಡು ಸಾಲಾಗಿ ಕೂರುತ್ತಿದ್ದೆವು. ನಾನು ಎಡಗೈಯಲ್ಲಿ ಅನ್ನ ಕಲಸುವುದನ್ನು ಕಂಡು ಪಕ್ಕದವಳು ತಟ್ಟೆ ಸರಿಸಿಕೊಳ್ಳುತ್ತಿದ್ದಳು. ಬಡಿಸುವ ನಿಂಗಮ್ಮ ಕೆಟ್ಟವಳೇನಲ್ಲ. "ನೀನು ಆ ಬಾಗಿಲ ಕಡೆ ಕೂತ್ಕೋ ಮಗಾ, ಇವರ ಬಾಯಿಗೆ ಯಾಕೆ ಬೀಳ್ತೀಯ?" ಎಂದಳು. ಕೂತೆ. ಯಾರಿಗಾದರೂ ಏನಾದರೂ ಕೊಡಬೇಕಾದರೆ ನೆಲದ ಮೇಲಿಡುತ್ತಿದ್ದೆ, ಅವರು ಅಲ್ಲಿಂದ ಎತ್ತಿಕೊಳ್ಳುತ್ತಿದ್ದರು. ನಾಲ್ಕು ವರ್ಷ ಹೀಗೇ ನಡೆಯಿತು. ಬಿಡುವಿನ ಹೊತ್ತೆಲ್ಲ ಹಾಸ್ಟೆಲಿನ ಲೈಬ್ರರಿಯಲ್ಲಿ ಇರುತ್ತಿದ್ದೆ. ಪುಸ್ತಕದ ಮೇಲೆ ಅಂಥ ಪ್ರೀತಿಯಿತ್ತೆಂದಲ್ಲ, ಅಲ್ಲಿಗೆ ಬೇರೆ ಯಾರೂ ಬರುತ್ತಿರಲಿಲ್ಲ.

ಆ ಲೈಬ್ರರಿಯ ಕಿಟಕಿಯಿಂದ ಪುರಭವನದ ಹಿಂದಿನ ಬಯಲು ಕಾಣುತ್ತಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಊರಿನ ಗೈಡ್ಸ್ ದಳ ಅಲ್ಲಿ ಸೇರುತ್ತಿತ್ತು. ಒಂದು ಶನಿವಾರ ಹೊಸ ಹುಡುಗಿಯೊಬ್ಬಳ ಕೊರಳಿಗೆ ಸ್ಕಾರ್ಫ್ ಹಾಕಿದರು. ಹಾಕಿದ ಮೇಲೆ ದಳದ ಕ್ಯಾಪ್ಟನ್ ಅವಳತ್ತ ಕೈ ಚಾಚಿದರು. ಎಡಗೈ. ಮರೆತು ಚಾಚಿದರೇನೋ ಅಂದುಕೊಂಡೆ. ಆಮೇಲೆ ಸಾಲಿನಲ್ಲಿದ್ದ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಬಂದು ಅವಳ ಎಡಗೈಯನ್ನು ತಮ್ಮ ಎಡಗೈಯಿಂದ ಕುಲುಕಿದರು. ಯಾರೂ ಮುಖ ಸಿಂಡರಿಸಲಿಲ್ಲ. ನಾನು ಪುಸ್ತಕ ಮುಚ್ಚಿಟ್ಟು ಕೆಳಗಿಳಿದು ಹೋದೆ.

ದಳದ ನಾಯಕಿ ಜುಬೇದಾ ಹತ್ತನೇ ತರಗತಿಯವಳು. ಬೆನ್ನಿಗೆ ಹಲಗೆ ಕಟ್ಟಿದಂತೆ ನೆಟ್ಟಗೆ ನಿಲ್ಲುವವಳು. ಅವಳನ್ನು ಕೇಳಿದೆ.

"ಯಾಕೆ ಎಡಗೈ?"

"ನಮ್ಮಲ್ಲಿ ಹಾಗೇ. ಹೃದಯ ಆ ಕಡೆ ಇರುತ್ತಲ್ಲ, ಅದಕ್ಕಂತೆ."

ನಾನು ಎಡಗೈ ಚಾಚಿದೆ. ಅವಳು ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಪ್ರತಿಜ್ಞೆ ತಗೊಂಡೋರಿಗೆ ಮಾತ್ರ. ಅಲ್ಲೀವರೆಗೂ ನಮಸ್ಕಾರ."

ಅದು ಅಸಹ್ಯವಲ್ಲ, ನಿಯಮ. ಆ ವ್ಯತ್ಯಾಸ ನನಗೆ ಗೊತ್ತಾಗುತ್ತಿತ್ತು. ಮುಂದಿನ ಶನಿವಾರವೇ ದಳಕ್ಕೆ ಸೇರಿದೆ. ಉಪ್ಪಿಟ್ಟು ಕೊಡುತ್ತಾರೆ, ಅದಕ್ಕೆ ಸೇರಿದೆ ಎಂದು ಹಾಸ್ಟೆಲಿನಲ್ಲಿ ಹೇಳಿದೆ. ಉಪ್ಪಿಟ್ಟು ಕೊಡುತ್ತಿದ್ದುದು ನಿಜ.

ಕ್ಯಾಪ್ಟನ್ ಎಸ್ತರ್ ಮಿಸ್ ಊರಿನ ಆಸ್ಪತ್ರೆಯಲ್ಲಿ ನರ್ಸ್. ಮೊದಲ ದಿನ ನನ್ನ ಬಲಗೈಯನ್ನು ಹಿಡಿದು, ತಿರುಗಿಸಿ ನೋಡಿದರು. "ಹೊಲಿಗೆ ಚೆನ್ನಾಗಿ ಹಾಕಿದ್ದಾರೆ" ಎಂದರು. ಅಷ್ಟೇ. ಅಯ್ಯೋ ಪಾಪ ಅನ್ನದ ಮೊದಲ ದೊಡ್ಡವರು ಅವರು.

ಪ್ರತಿಜ್ಞೆಗೆ ಮುಂಚೆ ಮುಗಿಸಬೇಕಾದ ಪರೀಕ್ಷೆಗಳಿದ್ದವು. ದಳದ ನಿಯಮಗಳನ್ನು ಬಾಯಿಪಾಠ ಹೇಳಬೇಕು. ಎರಡೇ ಕಡ್ಡಿಯಲ್ಲಿ ಒಲೆ ಹಚ್ಚಬೇಕು. ಮುರಿದ ಕೈಗೆ ಜೋಲಿ ಕಟ್ಟಬೇಕು. ಎರಡು ನಿಮಿಷದಲ್ಲಿ ಆರು ಬಗೆಯ ಗಂಟು ಹಾಕಬೇಕು. ಬೇರೆಯವರಿಗೆ ಒಲೆ ಕಷ್ಟ, ನನಗೆ ಗಂಟು. ಬಲಗೈಯ ಉಳಿದ ಬೆರಳುಗಳಲ್ಲಿ ಹಗ್ಗವನ್ನು ಇಕ್ಕಳದಂತೆ ಹಿಡಿದು, ಎಡಗೈಯಲ್ಲಿ ಸುತ್ತಿ, ಹಲ್ಲಿನಲ್ಲಿ ಎಳೆಯುತ್ತಿದ್ದೆ.

"ಹಲ್ಲು ಬೇಡ. ಆ ಹಗ್ಗ ಎಲ್ಲೆಲ್ಲಿ ಬಿದ್ದಿರುತ್ತೋ" ಎಂದರು ಎಸ್ತರ್ ಮಿಸ್.

"ಹಲ್ಲಿಲ್ಲದೆ ಆಗಲ್ಲ ಮಿಸ್."

"ಮೊಣಕಾಲಿದೆಯಲ್ಲ?"

ಮೊಣಕಾಲಿನ ಸಂದಿಯಲ್ಲಿ ಹಗ್ಗ ಸಿಕ್ಕಿಸಿ ಮೂರು ತಿಂಗಳು ಗಂಟು ಹಾಕಿದೆ, ಬಿಚ್ಚಿದೆ. ಪರೀಕ್ಷೆಯ ದಿನ ಒಂದು ನಿಮಿಷ ಐವತ್ತು ಸೆಕೆಂಡಿಗೆ ಆರೂ ಮುಗಿದವು. ಮಿಸ್ ಗಡಿಯಾರ ನೋಡಿ, ಬರೆದುಕೊಂಡು, ಮುಂದಿನವಳನ್ನು ಕರೆದರು.

ಎಡವಿದ್ದು ನಾನು ಎಣಿಸದ ಕಡೆ. ಪ್ರತಿಜ್ಞೆಯ ತಾಲೀಮಿನ ದಿನ ಹೊಸಬರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಬಲಗೈ ಎತ್ತಿ, ಕಿರುಬೆರಳನ್ನು ಹೆಬ್ಬೆರಳಿನಿಂದ ಮಡಿಸಿ ಹಿಡಿದು, ನಡುವಿನ ಮೂರು ಬೆರಳನ್ನು ನೆಟ್ಟಗೆ ಚಾಚಬೇಕು. ಅದೇ ದಳದ ವಂದನೆ, ಆ ಮೂರು ಬೆರಳು ಪ್ರತಿಜ್ಞೆಯ ಮೂರು ಮಾತಿಗೆ ಗುರುತು. ನಾನು ಬಲಗೈ ಎತ್ತಿದೆ. ನಡುವೆ ಒಂದೇ ಬೆರಳು ನಿಂತಿತು.

ಹಿಂದಿನ ಸಾಲಿನಿಂದ ಯಾರೋ ಅಂದರು, "ಇವಳದು ಒಂದೇ ಮಾತಂತೆ ಕಣ್ರೇ."

ಎಲ್ಲರೂ ನಕ್ಕರು. ಒಳ್ಳೆಯ ಮಾತೇ ಅದು. ಬೇರೆಯವರ ಕೈಯಾಗಿದ್ದರೆ ನಾನೂ ನಗುತ್ತಿದ್ದೆ.

ಎಸ್ತರ್ ಮಿಸ್ ಜಿಲ್ಲೆಯ ಕಮಿಷನರಿಗೆ ಪತ್ರ ಬರೆದು ಕೇಳಿದರು. ಎರಡು ವಾರಕ್ಕೆ ಉತ್ತರ ಬಂತು. ಮಿಸ್ ಅದನ್ನು ನನ್ನೆದುರೇ ಓದಿದರು: "ವಂದನೆಗೆ ಬಲಗೈಯ ಮೂರು ಬೆರಳು ಕಡ್ಡಾಯ. ಹುಡುಗಿಯನ್ನು ಸಹಾಯಕಿಯಾಗಿ ಇಟ್ಟುಕೊಳ್ಳಬಹುದು. ಪ್ರತಿಜ್ಞೆ ಮತ್ತು ಸ್ಕಾರ್ಫ್ ಬೇಡ."

"ಸಹಾಯಕಿ ಅಂದ್ರೆ ಏನು ಮಿಸ್?"

"ಪಾತ್ರೆ ತೊಳೆಯೋದು, ಡೇರೆ ಮಡಿಸೋದು."

"ಕೈ ಕುಲುಕೋದು?"

ಮಿಸ್ ನನ್ನ ಮುಖ ನೋಡಿದರು. ನಾನು ಯಾಕೆ ಸೇರಿದ್ದೆನೆಂದು ಅವರಿಗೆ ಆಗ ಗೊತ್ತಾಗಿರಬೇಕು. "ಇಲ್ಲ" ಎಂದರು.

ನಾನು ಅಳಲಿಲ್ಲ. ಸಿಟ್ಟು ಬಂದಿತ್ತು. ನಿಯಮ ಎಂದವರು ನಿಯಮದ ಪುಸ್ತಕ ನೋಡಿದ್ದಾರೋ ಇಲ್ಲವೋ ಎಂಬ ಸಿಟ್ಟು. ನಾನಾದರೂ ನೋಡೋಣವೆಂದು ಲೈಬ್ರರಿಯ ಕಪಾಟು ಕೆದಕಿದೆ. ಕೆಳಗಿನ ಅಂಕಣದಲ್ಲಿ ಪಂಚಾಂಗಗಳ ಅಡಿಯಲ್ಲಿ ಗೈಡುಗಳ ಹಳೆಯ ಕೈಪಿಡಿಯೊಂದು ಸಿಕ್ಕಿತು. ರಟ್ಟು ಇರಲಿಲ್ಲ, ಅಂಚನ್ನು ಗೆದ್ದಲು ತಿಂದಿತ್ತು. ಎರಡು ದಿನ ಕೂತು ಮೊದಲ ಪುಟದಿಂದ ಓದಿದೆ. ಅರವತ್ತೊಂದನೇ ಪುಟದಲ್ಲಿ ಒಂದು ಚಿತ್ರವಿತ್ತು. ಹುಡುಗಿಯೊಬ್ಬಳು ಬಲಗೈಯಲ್ಲಿ ತನ್ನೆತ್ತರದ ಕೋಲು ಹಿಡಿದು ನಿಂತಿದ್ದಾಳೆ. ಎಡಗೈ ಎದೆಯ ಮುಂದೆ ಅಡ್ಡ ಬಂದಿದೆ, ಅದರ ಮೂರು ಬೆರಳು ಕೋಲಿಗೆ ತಾಗಿವೆ. ಕೆಳಗೆ ಬರೆದಿತ್ತು: "ಕೋಲು ಹಿಡಿದವಳ ಬಲಗೈಗೆ ಬಿಡುವಿರುವುದಿಲ್ಲ. ಆದ್ದರಿಂದ ಅವಳು ಎಡಗೈಯಿಂದ ವಂದಿಸತಕ್ಕದ್ದು."

ಪುಸ್ತಕವನ್ನು ಎಸ್ತರ್ ಮಿಸ್ ಮುಂದೆ ನೆಲದ ಮೇಲಿಟ್ಟೆ. ಅವರು ಅದನ್ನು ಎತ್ತಿಕೊಳ್ಳದೆ ಎಡಗೈ ಚಾಚಿ, "ಕೈಗೆ ಕೊಡು" ಎಂದರು. ಕೊಟ್ಟೆ. ಆ ಪುಟವನ್ನು ಎರಡು ಸಲ ಓದಿದರು.

"ಕೋಲು ಹಿಡೀತೀಯಾ?"

"ಹಿಡೀತೀನಿ ಮಿಸ್."

"ಎಷ್ಟು ಹೊತ್ತು?"

"ನೀವು ಹೇಳಿದಷ್ಟು ಹೊತ್ತು."

"ನಾನು ಹೇಳೋದಲ್ಲ. ಕಮಿಷನರ್ ಮೇಡಂ ಭಾಷಣ ಮುಕ್ಕಾಲು ಗಂಟೆ ಇರುತ್ತೆ."

ದಳದಲ್ಲಿ ಕೋಲು ಹಿಡಿಯುವ ರೂಢಿ ತಪ್ಪಿ ಬಹಳ ಕಾಲವಾಗಿತ್ತು. ಉಗ್ರಾಣದ ಮೂಲೆಯಲ್ಲಿ ಎರಡು ಡಜನ್ ಬಿದಿರು ಕೋಲುಗಳಿದ್ದವು. ತುದಿಗೆ ಕಬ್ಬಿಣದ ಬಳೆ. ಹುಣಸೆಹಣ್ಣು ಬಡಿಯಲು, ಬಟ್ಟೆ ಒಣಹಾಕಲು ಬಳಕೆಯಾಗುತ್ತಿದ್ದವು. ಮಿಸ್ ಎಲ್ಲವನ್ನೂ ಹೊರಗೆ ತೆಗೆಸಿದರು.

"ಇವಳೊಬ್ಬಳಿಗೆ ಕೋಲು ಕೊಟ್ಟರೆ ಕುಂಟಿಗೆ ಊರುಗೋಲು ಕೊಟ್ಟ ಹಾಗಿರುತ್ತೆ. ಎಲ್ಲರೂ ಹಿಡೀರಿ. ಈ ಸಲ ಜಿಲ್ಲಾ ಮೇಳದಲ್ಲಿ ದಳ ಪೂರ್ತಿ ಎಡಗೈಯಲ್ಲೇ ವಂದನೆ ಮಾಡುತ್ತೆ."

ಜುಬೇದಾ ಮುಂದೆ ಬಂದಳು. "ಮಿಸ್, ಮೇಳಕ್ಕೆ ಒಂದೇ ತಿಂಗಳಿರೋದು. ವಂದನೆಗೆ ಹತ್ತು ಅಂಕ. ಮೂರು ವರ್ಷದಿಂದ ಶೀಲ್ಡು ನಮ್ಮದೇ. ಇವಳಿಗೋಸ್ಕರ ಅದು ಹೋಗ್ಬೇಕಾ?"

"ಹೋಗದ ಹಾಗೆ ಕಲೀರಿ."

"ಕಲಿಸೋರು ಯಾರು?"

ಮಿಸ್ ನನ್ನ ಕಡೆ ಕೈ ತೋರಿಸಿದರು.

ಆ ತಿಂಗಳನ್ನು ನಾನು ಈಗಲೂ ಖುಷಿಯಿಂದ ನೆನೆಯುತ್ತೇನೆ. "ಸೆಲ್ಯೂಟ್" ಎಂದೊಡನೆ ಕೋಲನ್ನು ಬಲಗೈಯಲ್ಲಿ ನೆಲದಿಂದ ಒಂದು ಗೇಣು ಎತ್ತಿ ಹಿಡಿದು, ಎಡಗೈಯನ್ನು ಅಡ್ಡ ತರಬೇಕು. ಇಪ್ಪತ್ತಮೂರು ಬಲಗೈ ಹುಡುಗಿಯರಿಗೆ ಅದು ಬರಲಿಲ್ಲ. ಒಬ್ಬಳ ಎಡಗೈ ಮೂಗಿಗೆ ಬಡಿಯಿತು. ಒಬ್ಬಳು ಎರಡೂ ಕೈ ಎತ್ತಿ ಶರಣಾದವಳಂತೆ ನಿಂತಳು. ನಾನು ಸಾಲಿನ ಮುಂದೆ ನಡೆಯುತ್ತ ಮೊಣಕೈ ಸರಿಪಡಿಸುತ್ತಿದ್ದೆ. ಎಡಗೈಯಿಂದಲೇ. ಯಾರೂ ಹಿಂದೆ ಸರಿಯಲಿಲ್ಲ, ಸರಿಯಲು ಪುರುಸೊತ್ತಿರಲಿಲ್ಲ.

"ಏನೇ ಎಡಚಿ, ನಮ್ಮನ್ನೆಲ್ಲ ನಿನ್ನ ಹಾಗೆ ಮಾಡಿಬಿಟ್ಟೆಯಲ್ಲೇ" ಎಂದಳೊಬ್ಬಳು.

"ಇನ್ನೂ ಆಗಿಲ್ಲ. ಮೊಣಕೈ ಎತ್ತು."

ನನ್ನ ತಾಲೀಮು ಬೇರೆಯಿತ್ತು. ವಂದನೆ ಸುಲಭ, ಕೋಲು ಕಷ್ಟ. ಹೆಬ್ಬೆರಳು ಮತ್ತು ಎರಡು ಬೆರಳಿನಲ್ಲಿ ಅದನ್ನು ಎತ್ತಿ ಹಿಡಿದರೆ ಹತ್ತು ಎಣಿಸುವಷ್ಟರಲ್ಲಿ ಜಾರುತ್ತಿತ್ತು. ದಿನಾ ಬೆಳಿಗ್ಗೆ ಹಾಸ್ಟೆಲಿನ ಅಂಗಳದಲ್ಲಿ ನೀರು ತುಂಬಿದ ಕೊಡವನ್ನು ಆ ಮೂರು ಬೆರಳಲ್ಲಿ ಎತ್ತಿ ನಿಂತೆ. ಬೊಬ್ಬೆ ಬಂತು, ಒಡೆಯಿತು, ಗಟ್ಟಿಯಾಯಿತು. ನಿಂಗಮ್ಮ ನೋಡಿ, "ನೀರನ್ನಾದ್ರೂ ಒಳಗೆ ತಂದಿಡು, ಪುಣ್ಯ ಬರ್ತದೆ" ಎಂದಳು. ತಂದಿಟ್ಟೆ.

ಮೇಳ ಪಕ್ಕದ ಊರಿನ ದೊಡ್ಡ ಬಯಲಿನಲ್ಲಿ. ಒಂಬತ್ತು ದಳಗಳು ಬಂದಿದ್ದವು. ನಮ್ಮ ಕೋಲುಗಳನ್ನು ನೋಡಿ ಬೇರೆ ದಳದವರು, "ಕುರಿ ಕಾಯೋಕೆ ಬಂದ್ರಾ?" ಎಂದರು. ಜುಬೇದಾ, "ಹೌದು, ಎಂಟು ಹಿಂಡು ಇವೆಯಲ್ಲ ಇಲ್ಲಿ" ಎಂದಳು. ಅವಳು ಮೊದಲ ಸಾಲಿನ ಬಲತುದಿಯಲ್ಲಿ ನಿಂತಳು. ನಾನು ಅವಳ ಪಕ್ಕದಲ್ಲಿ.

ಕಮಿಷನರ್ ವಾರಿಜಮ್ಮ ಮೇಡಂ ಗಂಟು ಮುಖದ, ಬಿಳಿ ಕೂದಲಿನ ಹೆಂಗಸು. ಅವರು ವೇದಿಕೆ ಹತ್ತಿದಾಗ ಎಸ್ತರ್ ಮಿಸ್ ಕೂಗಿದರು, "ದಳ, ಸೆಲ್ಯೂಟ್!"

ಇಪ್ಪತ್ತಮೂರು ಎಡಗೈಗಳು ಒಟ್ಟಿಗೆ ಎದೆಗೆ ಬಂದವು. ಒಂದು ಬಲಗೈ ಹಣೆಗೆ ಹೋಯಿತು. ಅದು ಜುಬೇದಾಳದು. ಐದು ವರ್ಷ ವಾರವಾರವೂ ಮಾಡಿದ ವಂದನೆ ಒಂದು ತಿಂಗಳ ತಾಲೀಮನ್ನು ಕೇಳಲಿಲ್ಲ. ಒಂದು ಗೇಣು ಎತ್ತಿದ್ದ ಕೋಲು ಕೈಬಿಟ್ಟು ನೇರವಾಗಿ ಕೆಳಗಿಳಿದು, ಕಬ್ಬಿಣದ ತುದಿ ಅವಳ ಕ್ಯಾನ್ವಾಸ್ ಶೂ ಮೇಲೆ ಬಿತ್ತು. ಬಗ್ಗಿ ಕೋಲು ಎತ್ತಿಕೊಂಡು, ಎಡಗೈ ಅಡ್ಡ ತಂದು ನಿಂತಳು. ಪಂಕ್ತಿಯ ತುದಿಯಲ್ಲಿದ್ದ ತೀರ್ಪುಗಾರರು ಬರೆದುಕೊಂಡರು.

ಭಾಷಣ ಶುರುವಾಯಿತು. ಕೋಲನ್ನು ನೆಲಕ್ಕೂರಿ ಹಿಡಿದಿದ್ದರೂ ಅರ್ಧ ಗಂಟೆಗೆ ನನ್ನ ಬೆರಳುಗಳು ಯಾರದೋ ಅನಿಸಿದವು. ಪಕ್ಕದ ಶೂ ಮೇಲೆ ಕೆಂಪು ಕಲೆ ಹರಡುತ್ತಿತ್ತು.

"ರಕ್ತ ಬರ್ತಿದೆ" ಎಂದೆ, ತುಟಿ ಅಲುಗಿಸದೆ.

"ಮುಂದೆ ನೋಡು. ನಿನ್ನ ಕೋಲು ಬಿದ್ರೆ ಸಾಯಿಸಿಬಿಡ್ತೀನಿ."

ಭಾಷಣ ಮುಗಿದು ಪ್ರತಿಜ್ಞೆಯವರನ್ನು ಕರೆದರು. ನಾನು ಮುಂದೆ ನಡೆದು ವೇದಿಕೆಯ ಎದುರು ನಿಂತು, ಕೋಲನ್ನು ಒಂದು ಗೇಣು ಎತ್ತಿದೆ. ವಾರಿಜಮ್ಮ ಮೇಡಂ ನನ್ನ ಎಡಗೈ ನೋಡಿದರು, ಆಮೇಲೆ ಬಲಗೈ.

"ಆ ಪತ್ರದ ಹುಡುಗಿಯಾ? ಬಲಗೈ ಅಂತ ಬರೆದಿದ್ದೆನಲ್ಲ."

"ಬಲಗೈಯಲ್ಲಿ ಕೋಲಿದೆ ಮೇಡಂ."

ಎಸ್ತರ್ ಮಿಸ್ ಅರವತ್ತೊಂದನೇ ಪುಟ ತೆರೆದು ಮುಂದೆ ಹಿಡಿದರು. ಮೇಡಂ ಕನ್ನಡಕ ಹುಡುಕಿದರು. ಕೈಚೀಲದಲ್ಲಿತ್ತು. ಕೈಚೀಲ ಕುರ್ಚಿಯ ಮೇಲಿತ್ತು. ಅಷ್ಟೂ ಹೊತ್ತು ಕೋಲು ನೆಲ ಮುಟ್ಟಬಾರದು. ನಾನು ಎಣಿಸುತ್ತಿದ್ದೆ. ಎಂಬತ್ತಕ್ಕೆ ಮೊಣಕೈ ನಡುಗತೊಡಗಿತು. ಅವರು ಓದಿದರು, ಹಾಳೆ ತಿರುಗಿಸಿ ಹಿಂದಿನ ಪುಟವನ್ನೂ ಓದಿದರು.

"ಪುಸ್ತಕದಲ್ಲಿದ್ದರೆ ಇದೆ" ಎಂದರು. "ಹೇಳು."

ಪ್ರತಿಜ್ಞೆಯ ಮೂರೂ ಮಾತನ್ನು ಹೇಳಿದೆ. ಬಯಲಿನ ಕೊನೆಗೂ ಕೇಳಿಸಿತಂತೆ. ನೂರ ಮೂವತ್ತರವರೆಗೆ ಎಣಿಸಿದ್ದು ನೆನಪಿದೆ, ಆಮೇಲೆ ಎಣಿಸಲಿಲ್ಲ. ಕೋಲು ಬೀಳಲಿಲ್ಲ. ಮೇಡಂ ಸ್ಕಾರ್ಫ್ ಹಾಕಿ ಎಡಗೈ ಚಾಚಿದರು. ಕುಲುಕಿದೆ.

"ಅಬ್ಬಾ, ಗಟ್ಟಿ ಹಿಡೀತೀಯ" ಎಂದರು.

"ದುಡಿಯೋ ಕೈ ಮೇಡಂ."

ಸಾಲಿಗೆ ಮರಳಿದಾಗ ದಳ ಒಬ್ಬೊಬ್ಬರಾಗಿ ಬಂತು. ಇಪ್ಪತ್ತಮೂರು ಎಡಗೈಗಳನ್ನು ಕುಲುಕಿದೆ. ಕೆಲವು ಒದ್ದೆಯಾಗಿದ್ದವು, ಒಂದು ಕಡಲೆಕಾಯಿ ವಾಸನೆ ಹೊಡೆಯುತ್ತಿತ್ತು. ನಾನು ಯಾವುದನ್ನೂ ಬೇಗ ಬಿಡಲಿಲ್ಲ. ಕೊನೆಯಲ್ಲಿ ಕುಂಟುತ್ತ ಜುಬೇದಾ ಬಂದಳು.

"ನಿನ್ನ ದೆಸೆಯಿಂದ ನನ್ನ ಕಾಲು ಹೋಯ್ತು ಕಣೇ."

"ಎಡಗೈ ಅಂತ ತಿಂಗಳಿಂದ ಬಡ್ಕೊಂಡೆ."

ಅವಳು ನಕ್ಕಳು. ಕೈ ಬಿಡಲಿಲ್ಲ.

ವಾಪಸು ಬರುವಾಗ ಲಾರಿಯಲ್ಲಿ ಅವಳು ಕಾಲು ಚಾಚಿ ಕೂತಳು. ಶೂ ಬಿಚ್ಚಿದರೆ ಉಗುರು ಕಾಲುಚೀಲದೊಳಗೇ ಉಳಿಯಿತು. ಕಟ್ಟಲು ಬಟ್ಟೆ ಬೇಕಿತ್ತು. ನನ್ನ ಸ್ಕಾರ್ಫ್ ಬಿಚ್ಚಿ ಪಾದಕ್ಕೆ ಸುತ್ತಿದೆ. "ಹೊಸದು ಕಣೇ, ಬೇಡ" ಎಂದಳು. ಕಾಲು ಮಾತ್ರ ಎಳೆದುಕೊಳ್ಳಲಿಲ್ಲ. ಊರು ಬರುವ ಹೊತ್ತಿಗೆ ಅವಳು ಗೋಣು ವಾಲಿಸಿ ನಿದ್ದೆ ಹೋಗಿದ್ದಳು, ಕಟ್ಟಿದ ಪಾದ ನನ್ನ ಮಡಿಲಲ್ಲಿತ್ತು.

ಆ ದಿನ ನಮ್ಮ ದಳ ಕಳೆದುಕೊಂಡದ್ದು: ವಂದನೆಯಲ್ಲಿ ನಾಲ್ಕು ಅಂಕ, ಆ ನಾಲ್ಕು ಅಂಕದಿಂದ ಒಂದು ಶೀಲ್ಡು, ಮತ್ತು ಒಂದು ಉಗುರು.