ಚೆಲ್ಲಿದ ಮಳೆ

"ಅಲ್ಲೇ ನಿಂತ್ಕೊಳ್ಳೇ ಮುಂಡೆ. ಬಾಟ್ಲಿ ಮುಟ್ಟಿದ್ರೆ ಕೈ ಮುರೀತೀನಿ."

ಶ್ಯಾಮಲಮ್ಮ ಮಳೆಮಾಪಕದ ಆಲಿಕೆ ತೆಗೆದು, ಒಳಗಿನ ಬಾಟಲಿಯನ್ನು ತಾನೇ ಎತ್ತಿದಳು. ಮುನಿಗಂಗಮ್ಮ ಅಳತೆಗಾಜು ಹಿಡಿದು ಬಗ್ಗಿ ನಿಂತಳು. ಮೇಲಿಂದ ಬಿದ್ದ ನೀರು ಅರ್ಧ ಗಾಜಿಗೆ, ಅರ್ಧ ಮಣ್ಣಿಗೆ. ಕೇರಿಯವರ ಬೊಗಸೆಗೆ ಮುಟ್ಟದೆ ಎತ್ತರದಿಂದ ನೀರು ಹುಯ್ದು ರೂಢಿಯಾದ ಕೈ. ಸರ್ಕಾರದ ಮಳೆ ಅಂದರೆ ತಗ್ಗುತ್ತದೆಯೇ?

ಮಳೆ ಅಳೆಯುವ ಕೆಲಸ ಮುನಿಗಂಗಮ್ಮನದು. ಭದ್ರವಾಗಿರಲಿ ಎಂದು ಮಾಪಕ ನೆಟ್ಟಿದ್ದು ಮಾತ್ರ ಶ್ಯಾಮಲಮ್ಮನ ಗಂಡ ರಾಮಾಂಜಿನಪ್ಪನ ಹಿತ್ತಲಲ್ಲಿ.

ಚಿಕ್ಕಬಳ್ಳಾಪುರದಿಂದ ಇಂಜಿನಿಯರ್ ಚನ್ನಕೇಶವ ಬಂದ. "ಪಿನಾಕಿನಿ ಹೊಳೆಗೆ ಈ ಸುತ್ತಲ್ಲಿ ಇರೋದು ಇದೊಂದೇ ಮಾಪಕ. ನೀನು ಕಳ್ಸೋ ಕಮ್ಮಿ ಮಳೆ ಲೆಕ್ಕ ಹಾಕಿದ್ರೆ ನಿಮ್ಮ ಕೇರಿಗೆ ಹೊಳೆ ನುಗ್ಗೋದೇ ಇಲ್ಲ."

"ನುಗ್ತಲ್ಲ ಸಾರ್. ನನ್ನ ಒಲೆನೇ ಎತ್ಕೊಂಡೋಯ್ತು."

"ನಿನ್ನ ಒಲೆ ಡೇಟಾ ಅಲ್ಲಮ್ಮ. ನೆರೆ ನಕ್ಷೆಲಿ ಕೇರಿ ಬಂದ್ರೆ ತಾನೇ ದಿಣ್ಣೆ ಮೇಲೆ ಸರ್ಕಾರ ಸೈಟು ಕೊಡೋದು?"

ನೀರು ಚೆಲ್ಲುವುದನ್ನು ಅವಳು ಹೇಳಿದಳು. ಅವನು ಲ್ಯಾಪ್‌ಟಾಪ್ ಮುಚ್ಚಿದ. "ಅವ್ರ ಜಾಗ. ಅನುಸರಿಸ್ಕೊಂಡು ಹೋಗು."

ಇನ್ನೂ ಬಾಯಿ ಬಿಟ್ಟರೆ ಅವಳ ಕೆಲಸ ಹೋಗುತ್ತದೆ, ಬಿಡದಿದ್ದರೆ ಕೇರಿ ಮುಳುಗುತ್ತದೆ.

ಮತ್ತೆ ಜೋರು ಮಳೆ ಬಂತು. ಬೆಳಿಗ್ಗೆ ಶ್ಯಾಮಲಮ್ಮ ಬರುವ ಮೊದಲೇ ಮುನಿಗಂಗಮ್ಮ ಬಾಟಲಿಗೆ ಕೈ ಹಾಕಿ, ಹನಿ ಚೆಲ್ಲದೆ ಗಾಜಿಗೆ ಹುಯ್ದಳು. ರಾಮಾಂಜಿನಪ್ಪ ಓಡಿ ಬಂದು ಕೆನ್ನೆಗೆ ಬಾರಿಸಿದ. ಅವಳು ಗಾಜು ಬಿಡಲಿಲ್ಲ. ಅಂಕಿ ಓದಿ, ಫೋನಿನಲ್ಲಿ ಕಳಿಸಿ, ಆಲಿಕೆ ಮುಚ್ಚಿ ಹೊರಟಳು. ಹಿಂದೆಯೇ ಶ್ಯಾಮಲಮ್ಮ ಮಾಪಕದ ಮೇಲೆ ಬಿಂದಿಗೆ ಗಂಜಲ ಸುರಿದಳು.

ಮರುದಿನ ಮೋಡವೇ ಇರಲಿಲ್ಲ. ಬಾಟಲಿ ಮಾತ್ರ ತುಂಬಿತ್ತು, ಹಳದಿ ಬಣ್ಣ, ಮೂಗಿಗೆ ಹೊಡೆಯುವ ವಾಸನೆ. ಅವಳು ಅದನ್ನೂ ಅಳೆದು ಕಳಿಸಿದಳು. ಚನ್ನಕೇಶವನ ಫೋನು ಬಂತು.

"ನಿನ್ನೆ ಬೆಳಿಗ್ಗೆಯಿಂದ ಎಲ್ಲೂ ಮಳೆ ಇಲ್ಲ. ಏನಮ್ಮ ಇದು?"

"ಗಂಜಲ ಸಾರ್. ನಾನು ಮುಟ್ಟಿದ್ದಕ್ಕೆ ಮೈಲಿಗೆ ತೊಳ್ದವ್ರೆ."

"ತಲೆ ಕೆಟ್ಟಿದೆಯಾ? ಅನುಮಾನದ ಲೆಕ್ಕ ಇಟ್ಕೊಳ್ಳಲ್ಲ ನಾನು. ಇವತ್ತಿಂದು, ನಿನ್ನೇದು ಎರಡೂ ಹೊಡೆದಾಕ್ತೀನಿ."

ನಿನ್ನೆಯ ಅಂಕಿಯ ಮೇಲೆಯೇ ಇಡೀ ಕೇರಿ ನಿಂತಿತ್ತು.

"ಹೊಡೀರಿ ಸಾರ್. ಯಾಕೆ ಹೊಡೆದ್ರಿ ಅಂತ ಪಕ್ಕದಲ್ಲಿ ಬರೀರಿ. ಗಂಜಲ ಅಂತ ಬರೀರಿ."

ಅವನು ಬರೆಯುವ ತನಕ ಏಳುವುದಿಲ್ಲ ಎಂದು ಅವಳು ಹಿತ್ತಲಲ್ಲೇ, ಮಾಪಕಕ್ಕೆ ಬೆನ್ನು ಆನಿಸಿ ಕೂತಳು.